ಎಳೆ ಹಲಸಿನಕಾಯಿಯ ಕತ್ಸು ಕರಿ: ಮಾಂಸ, ಮೊಟ್ಟೆ, ಹಾಲಿಲ್ಲದೆ ಮಾಡುವ ಕ್ರಮ

ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಎಳೆ ಹಲಸಿನಕಾಯಿ ಬರತೊಡಗಿದಾಗ ನಮ್ಮ ಮನೆಗಳಲ್ಲಿ ಅದು ಪಲ್ಯವಾಗುತ್ತದೆ, ಹುಳಿಯಾಗುತ್ತದೆ, ಒಮ್ಮೊಮ್ಮೆ ಬಿರಿಯಾನಿಗೂ ಬೀಳುತ್ತದೆ. ಅದೇ ಕಾಯಿಯನ್ನು ಜಪಾನಿನ ಕತ್ಸು ಕರಿಗೆ ಬಳಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅಗಲವಾದ ತಟ್ಟೆಯ ಒಂದು ಬದಿಗೆ ಅನ್ನ, ಇನ್ನೊಂದು ಬದಿಗೆ ಗೊಜ್ಜಿನಷ್ಟು ಗಟ್ಟಿಯಾದ ಕಂದು ಬಣ್ಣದ ಕರಿ, ಇವೆರಡರ ಗಡಿಯ ಮೇಲೆ ಬ್ರೆಡ್ಡಿನ ತರಿ ಹಚ್ಚಿ ಎಣ್ಣೆಯಲ್ಲಿ ಗರಿಗರಿಯಾಗಿ ಬೇಯಿಸಿ ಬೆರಳಗಲಕ್ಕೆ ಕತ್ತರಿಸಿದ ಕಟ್ಲೆಟ್, ಇವು ಸೇರಿದರೆ ಕತ್ಸು ಕರಿ. ಮೂಲದಲ್ಲಿ ಕಟ್ಲೆಟ್ಟು ಹಂದಿಮಾಂಸದ್ದು, ತರಿಯನ್ನು ಅಂಟಿಸುವುದು ಮೊಟ್ಟೆ, ಕರಿಯನ್ನು ಗಟ್ಟಿ ಮಾಡುವುದು ಬೆಣ್ಣೆ ಅಥವಾ ಪ್ರಾಣಿಯ ಕೊಬ್ಬಿನಲ್ಲಿ ಹುರಿದ ಹಿಟ್ಟು. ಈ ಮೂರನ್ನೂ ತೆಗೆದುಹಾಕುವುದು ಕಷ್ಟವಲ್ಲ. ಅಡುಗೆ ಕೆಡುವುದು ತೆಗೆದುದರಿಂದಲ್ಲ, ಅಭ್ಯಾಸಬಲದಿಂದ ನಮ್ಮ ಕೈ ಸೇರಿಸಿಬಿಡುವ ವಸ್ತುಗಳಿಂದ.

ನಾನು ಇದನ್ನು ಮೊದಲ ಸಲ ಮಾಡಿದಾಗ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು, ಮನೆಯ ಹುಳಿಪುಡಿಯನ್ನೇ ಎರಡು ಚಮಚ ಹಾಕಿ, ಕೊನೆಗೆ ಕೊತ್ತಂಬರಿ ಸೊಪ್ಪು ಉದುರಿಸಿದ್ದೆ. ಒಂದು ತುತ್ತು ತಿಂದ ನಮ್ಮ ಅತ್ತೆ, "ಇದು ಪೂರಿ ಸಾಗೇ ಕಣಮ್ಮ, ಇದಕ್ಯಾಕೆ ಜಪಾನ್ ಹೆಸರು?" ಎಂದರು. ಅವರ ಮಾತು ಸರಿಯಾಗಿಯೇ ಇತ್ತು.

ಸಾಗುವಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಈ ಅಡುಗೆ ನಡೆದುಬಂದ ದಾರಿಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಇಂಗ್ಲಿಷಿನ ಕಟ್ಲೆಟ್ ಎಂಬ ಪದ ಜಪಾನೀಯರ ಬಾಯಲ್ಲಿ ‘ಕತ್ಸುರೆತ್ಸು’ ಆಗಿ, ಮುಂದೆ ಮೊಟಕಾಗಿ ‘ಕತ್ಸು’ ಎಂದು ಉಳಿಯಿತು. ಗೆಲ್ಲುವುದು ಎಂಬ ಅರ್ಥದ ಜಪಾನಿ ಪದದ ಉಚ್ಚಾರಣೆಯೂ ಇದೇ ಆಗಿರುವುದರಿಂದ ಅಲ್ಲಿನ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ದಿನ ಕತ್ಸು ತಿನ್ನುವ ರೂಢಿಯುಂಟು. ಕರಿಯಾದರೋ ಜಪಾನಿಗೆ ಭಾರತದಿಂದ ನೇರವಾಗಿ ಹೋದದ್ದಲ್ಲ. ಬ್ರಿಟಿಷರು ಇಲ್ಲಿನ ಸಾಂಬಾರ ಪದಾರ್ಥಗಳನ್ನು ಒಂದೇ ಪುಡಿಯಾಗಿಸಿ ಡಬ್ಬಿಗೆ ತುಂಬಿದ ಕರಿಪುಡಿ ಮೇಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ಹಡಗೇರಿ ಅಲ್ಲಿಗೆ ತಲುಪಿತು. ಜಪಾನಿನ ನೌಕಾಪಡೆಯು 1908ರಲ್ಲಿ ತನ್ನ ಅಡುಗೆಯವರಿಗಾಗಿ ಹೊರತಂದ ಕೈಪಿಡಿಯಲ್ಲಿ ಕೊಬ್ಬಿನಲ್ಲಿ ಹಿಟ್ಟು ಹುರಿದು ಕರಿಪುಡಿ ಬೆರೆಸಿ ಮಾಡುವ ಕರಿಯ ವಿಧಾನವಿದೆ. ಆ ಕರಿಯ ಮೇಲೆ ಕಟ್ಲೆಟ್ ಇಟ್ಟು ಕೊಟ್ಟದ್ದು 1948ರಲ್ಲಿ ತಮ್ಮಲ್ಲೇ, ಅದೂ ಒಬ್ಬ ಬೇಸ್‌ಬಾಲ್ ಆಟಗಾರನ ಕೋರಿಕೆಯ ಮೇರೆಗೆ ಎಂದು ಟೋಕಿಯೋದ ಗಿಂಜಾ ಪ್ರದೇಶದ ಒಂದು ಹಳೆಯ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಹೀಗೆ ಯುರೋಪಿನ ಅಡುಗೆಮನೆಯನ್ನು ಹಾದು ಹೋದ ಕಾರಣ ಇದರ ಬುನಾದಿ ಒಗ್ಗರಣೆಯಲ್ಲಿಲ್ಲ, ತೆಂಗಿನಕಾಯಿಯ ಅರೆತದಲ್ಲೂ ಇಲ್ಲ; ಎಣ್ಣೆಯಲ್ಲಿ ನಿಧಾನವಾಗಿ ಹುರಿದ ಹಿಟ್ಟಿನಲ್ಲಿದೆ. ಅದನ್ನು ‘ರೂ’ ಎಂದು ಕರೆಯುತ್ತಾರೆ.

ಕೊಳ್ಳುವಾಗ ನೋಡಬೇಕಾದ್ದು

ಜಪಾನಿ ಕರಿಯ ರೂ ಚಾಕೊಲೇಟಿನ ಹಾಗೆ ಗಟ್ಟಿಯಾಗಿ, ತುಂಡು ಮುರಿದು ಹಾಕುವಂತೆ ಪೆಟ್ಟಿಗೆಯಲ್ಲಿ ಸಿಗುತ್ತದೆ. ಅವುಗಳಲ್ಲಿ ಹಲವಕ್ಕೆ ದನದ ಅಥವಾ ಹಂದಿಯ ಕೊಬ್ಬು, ಹಾಲಿನ ಪುಡಿ, ಜೇನುತುಪ್ಪ ಸೇರಿರುತ್ತವೆಯಾದ್ದರಿಂದ ವೀಗನ್ ಅಡುಗೆಗೆ, ಅಂದರೆ ಪ್ರಾಣಿಮೂಲದ ಯಾವ ವಸ್ತುವನ್ನೂ ಬಳಸದ ಅಡುಗೆಗೆ, ಮನೆಯಲ್ಲೇ ರೂ ಮಾಡಿಕೊಳ್ಳುವುದು ಲೇಸು. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ಮೋಸಹೋಗಬಾರದು. ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಹಾಲು, ಬೆಣ್ಣೆ, ಜೇನು ಇರುವ ಪದಾರ್ಥಕ್ಕೂ ಅದೇ ಚುಕ್ಕೆ. ವೀಗನ್ ಆಹಾರಕ್ಕೆಂದೇ 2022ರ ನಿಯಮಗಳ ಪ್ರಕಾರ ಎಲೆಯ ಚಿಗುರುಳ್ಳ ‘ವಿ’ ಅಕ್ಷರದ ಬೇರೆ ಗುರುತು ಬಂದಿದೆ, ಅದಿಲ್ಲದಿದ್ದರೆ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಬೇಕರಿಯ ಬ್ರೆಡ್ಡಿಗೆ ಹಾಲಿನ ಪುಡಿ ಹಾಕುತ್ತಾರೆಯೇ, ಮೇಲೆ ಬೆಣ್ಣೆ ಸವರುತ್ತಾರೆಯೇ ಎಂದು ಅಂಗಡಿಯವರನ್ನೇ ಕೇಳಿ ತರುವುದು ಒಳ್ಳೆಯದು. ವುಸ್ಟರ್‌ಶೈರ್ ಸಾಸಿನ ಮೂಲ ಪಾಕದಲ್ಲಿ ಸಣ್ಣ ಮೀನು ಇರುತ್ತದೆ. ನಮಗೆ ಅದು ಬೇಕಾಗಿಯೂ ಇಲ್ಲ. ಸೋಯಾ ಸಾಸಿಗೆ ಈ ತಕರಾರಿಲ್ಲ, ಅದು ಸೋಯಾ ಅವರೆ ಮತ್ತು ಗೋಧಿಯನ್ನು ಹುದುಗಿಸಿ ಮಾಡಿದ್ದು.

ಪುಡಿ ಮತ್ತು ರೂ

ನಾಲ್ವರ ಊಟಕ್ಕೆ ಆಗುವಷ್ಟು ಪುಡಿಗೆ ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಜೀರಿಗೆ, ಒಂದು ಸಣ್ಣ ಚಮಚ ಸೋಂಪು, ಒಂದು ಸಣ್ಣ ಚಮಚ ಕಾಳುಮೆಣಸು, ಅರ್ಧ ಸಣ್ಣ ಚಮಚ ಮೆಂತ್ಯ, ಒಂದಿಂಚು ಚಕ್ಕೆ, ಮೂರು ಲವಂಗ, ಮೂರು ಏಲಕ್ಕಿ, ಅನಾನಸ್ ಹೂವಿನ ಎರಡು ಎಸಳು, ಒಂದು ಬ್ಯಾಡಗಿ ಮೆಣಸಿನಕಾಯಿ ತೆಗೆದುಕೊಂಡು ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಬೆಚ್ಚಗೆ ಹುರಿಯಬೇಕು. ಮೆಂತ್ಯ ಕೆಂಪಾಗುವ ಮುನ್ನ ಇಳಿಸಿಬಿಡಬೇಕು, ಇಲ್ಲವಾದರೆ ಕಹಿ ಕೊನೆಯ ತುತ್ತಿನವರೆಗೂ ಬಿಡುವುದಿಲ್ಲ. ಆರಿದ ಮೇಲೆ ಒಂದು ದೊಡ್ಡ ಚಮಚ ಅರಿಶಿನ ಸೇರಿಸಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಬೇಕು. ಅರಿಶಿನ ಇಷ್ಟೊಂದೇ ಎಂದು ಕೈ ಹಿಂಜರಿಯುವುದು ಸಹಜ, ಆದರೆ ಜಪಾನಿನ ಕರಿಪುಡಿಯಲ್ಲಿ ಅರಿಶಿನವೇ ಮುಂದಾಳು. ಒಣಗಿದ ಕಿತ್ತಳೆ ಸಿಪ್ಪೆ ಇದ್ದರೆ ಉಗುರಿನಷ್ಟು ತುಂಡನ್ನು ಜೊತೆಗೆ ಹಾಕಿ ಪುಡಿ ಮಾಡಿದರೆ ಪರಿಮಳ ಇನ್ನೂ ಹತ್ತಿರ ಬರುತ್ತದೆ. ಕಡಲೆಬೇಳೆ, ಉದ್ದಿನಬೇಳೆ, ಇಂಗು, ಕರಿಬೇವು ಇವು ಯಾವುವೂ ಬೇಡ. ಇವುಗಳಲ್ಲಿ ಒಂದು ಸೇರಿದರೂ ಪುಡಿ ಹುಳಿಪುಡಿಯಾಗುತ್ತದೆ. ಈ ಅಳತೆಯ ಪುಡಿಯಲ್ಲಿ ಎರಡು ದೊಡ್ಡ ಚಮಚವಷ್ಟೇ ಈಗ ಬೇಕು, ಉಳಿದದ್ದನ್ನು ಬಿಗಿಯಾದ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.

ರೂ ಮಾಡಲು ತಳ ದಪ್ಪವಿರುವ ಪಾತ್ರೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ, 50 ಗ್ರಾಂ ಮೈದಾ ಹಾಕಿ, ಅತಿ ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ತಿರುವುತ್ತಲೇ ಇರಬೇಕು. ಮೊದಲ ಐದು ನಿಮಿಷ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಹಿಟ್ಟು ಸಡಿಲಗೊಂಡು, ಹಸಿ ವಾಸನೆ ಹೋಗಿ, ಬಿಸ್ಕತ್ತು ಬೇಯುವಾಗಿನ ಘಮ ಬರುತ್ತದೆ. ಅಲ್ಲಿಗೆ ನಿಲ್ಲಿಸದೆ ಹುರಿದ ಕಡಲೆಕಾಯಿ ಬೀಜದ ಸಿಪ್ಪೆಯ ಬಣ್ಣ ಬರುವವರೆಗೆ ಮುಂದುವರಿಯಬೇಕು. ಇದಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅವಸರಪಟ್ಟು ಉರಿ ಏರಿಸಿದರೆ ಒಂದೇ ಗಳಿಗೆಯಲ್ಲಿ ಸೀದು ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ, ಹಾಗಾದರೆ ಅದನ್ನು ಚೆಲ್ಲಿ ಹೊಸದಾಗಿ ಆರಂಭಿಸುವುದೇ ಸರಿ. ಬಣ್ಣ ಬಂದ ಕೂಡಲೇ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ಕರಿಪುಡಿ ಬೆರೆಸಬೇಕು. ಉರಿಯ ಮೇಲೆ ಬೆರೆಸಿದರೆ ಪುಡಿ ಸುಡುತ್ತದೆ, ಪಾತ್ರೆಯ ಬಿಸಿಯೇ ಅದರ ಘಮ ಎಬ್ಬಿಸಲು ಸಾಕು.

ಎಣ್ಣೆ ಯಾವುದು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಉತ್ತರ ಸುಲಭವಾಗಿ ತಪ್ಪುತ್ತದೆ. ತಿಪಟೂರಿನ ಕೊಬ್ಬರಿಯ ನಾಡಿನಲ್ಲಿ ಕುಳಿತು ಕೊಬ್ಬರಿ ಎಣ್ಣೆ ಬಿಡುವುದೆಂದರೆ ಮನಸ್ಸು ಒಪ್ಪುವುದಿಲ್ಲ, ಅಲ್ಲದೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಮಾಡಿದ ರೂವನ್ನು ತಟ್ಟೆಗೆ ಸುರಿದು ಫ್ರಿಜ್ಜಿನಲ್ಲಿಟ್ಟರೆ ಅಂಗಡಿಯ ಪೆಟ್ಟಿಗೆಯಲ್ಲಿ ಬರುವಂಥದೇ ತುಂಡುಗಳು ಮನೆಯಲ್ಲೇ ಸಿದ್ಧವಾಗುತ್ತವೆ. ಆದರೆ ಗಾಣದ ಎಣ್ಣೆಯಿಂದ ಮಾಡಿದಾಗ ಕರಿಗೆ ಕರಾವಳಿಯ ಅಡುಗೆಯ ವಾಸನೆ ಬಂದು, ಸೋಂಪು, ಚಕ್ಕೆಗಳು ಮರೆಯಾದವು. ಆದ್ದರಿಂದ ವಾಸನೆ ತೆಗೆದ, ರಿಫೈನ್ ಮಾಡಿದ ಕೊಬ್ಬರಿ ಎಣ್ಣೆಯನ್ನಾಗಲಿ, ಸೂರ್ಯಕಾಂತಿ ಎಣ್ಣೆಯನ್ನಾಗಲಿ ಬಳಸುವುದು ನನ್ನ ಅನುಭವದಲ್ಲಿ ಮೇಲು. ಕಡಲೆಕಾಯಿ ಎಣ್ಣೆಯನ್ನು ಕಟ್ಲೆಟ್ ಕರಿಯುವುದಕ್ಕೆ ಇಟ್ಟುಕೊಳ್ಳಬಹುದು.

ಕರಿಯ ರಸ

ಮೂರು ಮಧ್ಯಮ ಗಾತ್ರದ ಈರುಳ್ಳಿಯನ್ನು ಉದ್ದುದ್ದ ತೆಳ್ಳಗೆ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಾಡಿಸಬೇಕು. ನಾವು ಪಲ್ಯಕ್ಕೆ ಹುರಿಯುವಂತೆ ಹೊಂಬಣ್ಣಕ್ಕೆ ನಿಲ್ಲಿಸಿದರೆ ಇಲ್ಲಿ ಸಾಲದು. ಈರುಳ್ಳಿ ಬೆಲ್ಲದ ಬಣ್ಣಕ್ಕೆ ತಿರುಗಿ, ಮೊದಲಿದ್ದ ರಾಶಿ ಒಂದು ಹಿಡಿಯಷ್ಟಕ್ಕೆ ಇಳಿಯಬೇಕು. ತಳ ಹಿಡಿಯುವಂತೆ ಕಂಡಾಗ ಒಂದೊಂದು ಚಮಚ ನೀರು ಚಿಮುಕಿಸಿ ಕೆರೆದುಕೊಳ್ಳಬೇಕು. ಮಾಂಸದ ಸಾರಿಲ್ಲದ ಈ ಕರಿಗೆ ಆಳವಾದ ರುಚಿ ಬರುವುದು ಇದೊಂದರಿಂದಲೇ ಆದ್ದರಿಂದ ಈ ಅರ್ಧ ಗಂಟೆಯಲ್ಲಿ ಒಂದು ನಿಮಿಷವನ್ನೂ ನಾನು ಕಡಿಮೆ ಮಾಡುವುದಿಲ್ಲ. ನಂತರ ತುರಿದ ಶುಂಠಿ ಮತ್ತು ಬೆಳ್ಳುಳ್ಳಿ ಒಂದೊಂದು ಚಮಚ, ಹೆಚ್ಚಿದ ಒಂದು ಟೊಮೆಟೊ ಹಾಕಿ ಮೆತ್ತಗಾಗುವವರೆಗೆ ಬಾಡಿಸಬೇಕು.

ಈಗ ಎರಡು ಕ್ಯಾರೆಟ್, ಎರಡು ಆಲೂಗಡ್ಡೆಯನ್ನು ಕೋಳಿಮೊಟ್ಟೆಯ ಕಾಲುಭಾಗದಷ್ಟು ದಪ್ಪ ಹೋಳುಗಳಾಗಿ ಹಾಕಬೇಕು. ಕ್ಯಾರೆಟ್ಟನ್ನು ಪ್ರತಿ ಸಲವೂ ಸ್ವಲ್ಪ ಉರುಳಿಸಿ ಓರೆಯಾಗಿ ಕತ್ತರಿಸುವುದು ಜಪಾನೀಯರ ಪದ್ಧತಿ, ಅದರಿಂದ ಹೋಳಿನ ಮುಖಗಳು ಹೆಚ್ಚಾಗಿ ರಸ ಚೆನ್ನಾಗಿ ಹಿಡಿಯುತ್ತದೆ. ನಾಲ್ಕು ಲೋಟ, ಅಂದರೆ ಸುಮಾರು 800 ಮಿಲಿಲೀಟರ್ ನೀರು ಹಾಕಿ ಬೇಯಿಸಬೇಕು. ನೀರಿನ ಬದಲು ಕಟ್ಟು ಬಳಸಿದರೆ ಇನ್ನೂ ಒಳ್ಳೆಯದು. ಬಸ್ಸಾರಿನ ಕಟ್ಟಿನ ಬೆಲೆ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಕಡಲೆಕಾಳು ಅಥವಾ ಹೆಸರುಕಾಳು ಬೇಯಿಸಿ ಬಸಿದ ನೀರು ಇಲ್ಲಿ ಮಾಂಸದ ಸಾರಿನ ಜಾಗದಲ್ಲಿ ಹಿತವಾಗಿ ನಿಲ್ಲುತ್ತದೆ. ಹುರುಳಿ ಕಟ್ಟು ಮಾತ್ರ ಬೇಡ, ಅದರ ವಾಸನೆಯ ಮುಂದೆ ಬೇರೆ ಯಾವುದೂ ತಲೆ ಎತ್ತುವುದಿಲ್ಲ.

ಹೋಳುಗಳು ಬೆಂದ ಮೇಲೆ ಅರ್ಧ ಸೇಬನ್ನು ತುರಿದು ಹಾಕಿ, ಒಲೆ ಆರಿಸಿ, ಒಂದು ಸೌಟು ಬಿಸಿ ರಸದಲ್ಲಿ ರೂವನ್ನು ಗಂಟಿಲ್ಲದಂತೆ ಕದಡಿ ಪಾತ್ರೆಗೆ ಸೇರಿಸಬೇಕು. ಕುದಿಯುತ್ತಿರುವ ರಸಕ್ಕೆ ನೇರವಾಗಿ ಹಾಕಿದರೆ ಹೊರಭಾಗ ಮಾತ್ರ ಬೆಂದು ಒಳಗೆ ಹಿಟ್ಟಿನ ಗಂಟು ಉಳಿಯುತ್ತದೆ, ರಾಗಿ ಮುದ್ದೆ ಕಟ್ಟಿದವರಿಗೆಲ್ಲ ಈ ಪಾಡು ಗೊತ್ತು. ಆಮೇಲೆ ಮತ್ತೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಬೇಕು. ಕುದಿ ಬರುವವರೆಗೂ ಅದು ತೆಳ್ಳಗೇ ಕಾಣುತ್ತದೆಯಾದ್ದರಿಂದ ಗಾಬರಿಯಿಂದ ಇನ್ನಷ್ಟು ಹಿಟ್ಟು ಕಲಸಿ ಹಾಕಬಾರದು. ಕೊನೆಯಲ್ಲಿ ಒಂದು ದೊಡ್ಡ ಚಮಚ ಸೋಯಾ ಸಾಸ್, ಜೇನಿನ ಬದಲು ಒಂದು ಸಣ್ಣ ಚಮಚ ಬೆಲ್ಲದ ಪುಡಿ, ರುಚಿಗೆ ಉಪ್ಪು. ಜಪಾನಿನ ಮನೆಗಳಲ್ಲಿ ಇದಕ್ಕೆ ಚಿಟಿಕೆ ಕಾಫಿ ಪುಡಿಯನ್ನೋ ಒಂದು ಚೂರು ಕಪ್ಪು ಚಾಕೊಲೇಟನ್ನೋ ಹಾಕುವ ರೂಢಿಯುಂಟು. ನಾನು ಬೆಳಗಿನ ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್ನನ್ನು ಒಂದು ಸಣ್ಣ ಚಮಚ ಹಾಕುತ್ತೇನೆ, ಕಾಫಿಯ ರುಚಿ ತಿಳಿಯುವುದಿಲ್ಲ, ಬಣ್ಣವೂ ಗಾಂಭೀರ್ಯವೂ ಬರುತ್ತವೆ. ಹುಣಸೆಹಣ್ಣು, ನಿಂಬೆರಸ, ಕೊತ್ತಂಬರಿ ಸೊಪ್ಪು ಬೇಡವೇ ಬೇಡ. ಸೌಟಿನಿಂದ ಸುರಿದಾಗ ಧಾರೆಯಾಗಿ ಬೀಳದೆ ಮಡಿಕೆಯಾಗಿ ಬಿದ್ದರೆ ಹದ ಸರಿಯಿದೆ.

ಹಲಸಿನಕಾಯಿಯ ಕಟ್ಲೆಟ್

ಒಂದೂವರೆ ಕಿಲೋ ತೂಗುವ ಎಳೆಯ ಕಾಯಿ ಸಾಕು. ಕತ್ತರಿಸಿದಾಗ ಒಳಗಿನ ಬೀಜಗಳು ಚಾಕುವಿಗೆ ತಡೆಯೊಡ್ಡದೆ ಸೀಳಿಹೋಗುವಂತಿರಬೇಕು. ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ ಕೆಂಪು ತೊಳೆಯ ಸಿದ್ದು ಹಲಸು ಹೆಸರಾದದ್ದು ಹಣ್ಣಿಗೆ. ಅದರ ಕಾಯನ್ನು ಎಳೆಯದರಲ್ಲೇ ಕೀಳುವುದು ಅನ್ಯಾಯ, ಕಟ್ಲೆಟ್ಟಿಗೆ ಯಾವ ಮರದ ಕಾಯಿಯಾದರೂ ನಡೆಯುತ್ತದೆ. ಕೈಗೂ ಚಾಕುವಿಗೂ ಧಾರಾಳವಾಗಿ ಎಣ್ಣೆ ಸವರಿಕೊಂಡು, ಕೆಳಗೆ ಹಳೆಯ ಕಾಗದ ಹಾಸಿ, ಕಾಯನ್ನು ಅಡ್ಡಲಾಗಿ ಒಂದೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಒಸರುವ ಮೇಣವನ್ನು ಕಾಗದದಿಂದ ಒರೆಸಿ, ಬಿಲ್ಲೆಗಳನ್ನು ಎರಡಾಗಿ ಸೀಳಿ, ಮುಳ್ಳಿನ ಸಿಪ್ಪೆಯನ್ನೂ ನಡುವಿನ ಗಟ್ಟಿ ದಿಂಡನ್ನೂ ತೆಗೆಯಬೇಕು. ಹೀಗೆ ಬಂದ ಅರ್ಧಚಂದ್ರದ ಹೋಳುಗಳನ್ನು ಉಪ್ಪು ಹಾಕಿದ ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸುವುದು ಕ್ಷೇಮ. ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೂ ಹೋಳು ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ. ಚಾಕುವಿನ ತುದಿ ಸಲೀಸಾಗಿ ಇಳಿಯುವಾಗ ಬಸಿದು, ಬಟ್ಟೆಯ ನಡುವೆ ಹರಡಿ, ಮೇಲೆ ತಟ್ಟೆಯನ್ನೂ ಅದರ ಮೇಲೆ ನೀರು ತುಂಬಿದ ಪಾತ್ರೆಯನ್ನೂ ಇಟ್ಟು ಇಪ್ಪತ್ತು ನಿಮಿಷ ಬಿಡಬೇಕು. ಒಳಗೆ ಉಳಿದ ನೀರು ಎಣ್ಣೆಯಲ್ಲಿ ಆವಿಯಾಗಿ ಹೊರಬರುವಾಗ ತರಿಯ ಪದರವನ್ನು ಕಿತ್ತುಹಾಕುವುದರಿಂದ ಇದನ್ನು ಬಿಡುವ ಹಾಗಿಲ್ಲ. ಆಮೇಲೆ ಎರಡು ಸಣ್ಣ ಚಮಚ ಸೋಯಾ ಸಾಸ್, ಸ್ವಲ್ಪ ಶುಂಠಿರಸ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಸವರಿದರೆ ಸಾಕು, ಮಸಾಲೆಯೆಲ್ಲ ಕರಿಯಲ್ಲಿದೆ.

ಹೋಳುಗಳು ಒಡೆದುಹೋದರೂ ನಷ್ಟವಿಲ್ಲ. ನಾರನ್ನು ಕೈಯಿಂದ ಬಿಡಿಸಿ, ಬೆಂದ ಒಂದು ಆಲೂಗಡ್ಡೆ ಮಸೆದು ಸೇರಿಸಿ, ಉಪ್ಪು ಹಾಕಿ ವಡೆಯಂತೆ ತಟ್ಟಿಕೊಂಡರೆ ಅದೂ ಸೊಗಸಾದ ಕಟ್ಲೆಟ್ಟೇ. ಹಲಸಿನ ಕಾಲ ಮುಗಿದ ಮೇಲೆ ಸುವರ್ಣಗೆಡ್ಡೆ ನನ್ನ ಎರಡನೆಯ ಆಯ್ಕೆ. ಅದರ ತುರಿಕೆ ಹೋಗಲು ಹುಣಸೆ ನೀರಿನಲ್ಲಿ ಬೇಯಿಸಿ ಚೆನ್ನಾಗಿ ತೊಳೆಯಬೇಕು. ಸೋಯಾ ಪನೀರ್ ಎಂದು ಸಿಗುವ ತೋಫುವನ್ನು ಒತ್ತಿ ನೀರು ತೆಗೆದು ಬಳಸಬಹುದು. ದಪ್ಪ ಬದನೆಕಾಯಿಯೂ ಆಗುತ್ತದೆ, ಆದರೆ ಎಣ್ಣೆ ಬಹಳ ಕುಡಿಯುತ್ತದೆ.

ತರಿಗೆ ಒಂದು ದಿನ ಹಳೆಯದಾದ ಬ್ರೆಡ್ ಬೇಕು. ಜಪಾನಿನ ‘ಪಾಂಕೊ’ ತರಿಯನ್ನು ಮಾಡಲು ಹಿಟ್ಟಿನೊಳಗೆ ವಿದ್ಯುತ್ ಹಾಯಿಸಿ ಕಂದು ಅಂಚೇ ಬರದಂತೆ ಬ್ರೆಡ್ ಬೇಯಿಸುವ ವಿಧಾನವೂ ಅಲ್ಲಿದೆ, ನಾವು ಅಂಚನ್ನು ಕತ್ತರಿಸಿ ತೆಗೆದರಾಯಿತು. ಬಿಳಿಯ ಭಾಗವನ್ನು ತುರಿಮಣೆಯ ದೊಡ್ಡ ಕಣ್ಣಿನಲ್ಲಿ ತುರಿದು ಬಿಸಿಲಿನಲ್ಲಿ ಒಂದು ಗಂಟೆ ಆರಿಸಬೇಕು. ರಸ್ಕಿನ ನುಣ್ಣನೆಯ ಪುಡಿ ಇದಕ್ಕೆ ಸಲ್ಲದು, ಅದು ಗಟ್ಟಿ ಚಿಪ್ಪಾಗುತ್ತದೆ. ತರಿ ಅವಲಕ್ಕಿಯ ನುಚ್ಚಿನಂತೆ ಹಗುರವಾಗಿ, ಏರುಪೇರಾಗಿ ಇರಬೇಕು. ಮೊಟ್ಟೆಯ ಬದಲಿಗೆ ಅರ್ಧ ಬಟ್ಟಲು ಮೈದಾ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪನ್ನು ನೀರಿನಲ್ಲಿ ಕಲಸಿ, ನೀರುದೋಸೆಯ ಹಿಟ್ಟಿಗಿಂತ ಗಟ್ಟಿಯಾಗಿ, ಬಜ್ಜಿಯ ಹಿಟ್ಟಿಗಿಂತ ತೆಳ್ಳಗೆ ಮಾಡಿಕೊಳ್ಳಬೇಕು. ಕಡಲೆಹಿಟ್ಟಿನ ಡಬ್ಬಿಯ ಕಡೆಗೆ ಕೈ ಹೋಗುತ್ತದೆ, ಆದರೆ ಅದನ್ನು ಹಾಕಿದರೆ ಬಜ್ಜಿಯ ರುಚಿ ಬಂದುಬಿಡುತ್ತದೆ.

ಹೋಳನ್ನು ಮೊದಲು ಒಣ ಮೈದಾದಲ್ಲಿ ಹೊರಳಿಸಿ ಕೊಡವಿ, ಕಲಸಿದ ಹಿಟ್ಟಿನಲ್ಲಿ ಅದ್ದಿ, ತರಿಯ ಮೇಲಿಟ್ಟು ಅಂಗೈಯಿಂದ ಮೃದುವಾಗಿ ಒತ್ತಬೇಕು. ಒಂದು ಕೈಯನ್ನು ಹಸಿ ಹಿಟ್ಟಿಗೆ, ಇನ್ನೊಂದನ್ನು ತರಿಗೆ ಮೀಸಲಿಟ್ಟರೆ ಬೆರಳುಗಳೇ ಕಟ್ಲೆಟ್ ಆಗುವುದು ತಪ್ಪುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟರೆ ತರಿ ಭದ್ರವಾಗಿ ಕೂರುತ್ತದೆ. ಎಣ್ಣೆ 170ರಿಂದ 180 ಡಿಗ್ರಿಯಷ್ಟು ಕಾದಿರಬೇಕು. ಒಂದು ಚೂರು ತರಿ ಹಾಕಿದಾಗ ಅದು ಅರ್ಧಕ್ಕೆ ಮುಳುಗಿ ಕೂಡಲೇ ಗುಳ್ಳೆಯೊಡನೆ ಮೇಲೆದ್ದರೆ ಹದವಾಗಿದೆ ಎಂದರ್ಥ. ಒಮ್ಮೆಗೆ ಎರಡೋ ಮೂರೋ ಹೋಳು ಮಾತ್ರ ಬಿಟ್ಟು, ಮೊದಲ ಒಂದು ನಿಮಿಷ ಸೌಟು ತಾಗಿಸದೆ, ಎರಡೂ ಬದಿ ಹೊಂಬಣ್ಣ ಬರುವಂತೆ ಮೂರು ನಾಲ್ಕು ನಿಮಿಷ ಕರಿದು, ತಂತಿಯ ಜಾಲರಿಯ ಮೇಲೆ ಓರೆಯಾಗಿ ನಿಲ್ಲಿಸಬೇಕು. ಕಾಗದದ ಮೇಲೆ ಮಲಗಿಸಿದರೆ ಕೆಳಬದಿ ಬೆವತು ಮೆತ್ತಗಾಗುತ್ತದೆ.

ಬಡಿಸುವುದು, ಉಳಿದದ್ದನ್ನು ಇಡುವುದು

ಬಾಸ್ಮತಿ ಇದಕ್ಕೆ ಹೊಂದುವುದಿಲ್ಲ. ಜಪಾನಿನ ಗಿಡ್ಡಕ್ಕಿಯ ಅನ್ನ ಒಂದಕ್ಕೊಂದು ಅಂಟಿಕೊಳ್ಳುವಂಥದು. ಅನ್ನ ಅಂಟುತ್ತದೆ ಎಂದು ನಾವು ದೂರವಿಡುವ ಹೊಸ ಸೋನಾಮಸೂರಿಯೇ ಇಲ್ಲಿ ಕೈಹಿಡಿಯುತ್ತದೆ. ಬಿಸಿ ಅನ್ನವನ್ನು ಬಟ್ಟಲಿಗೆ ಒತ್ತಿ ತಟ್ಟೆಯ ಒಂದು ಬದಿಗೆ ಮಗುಚಿ, ಪಕ್ಕಕ್ಕೆ ಕರಿ ಬಡಿಸಿ, ಕಟ್ಲೆಟ್ಟನ್ನು ಹರಿತವಾದ ಚಾಕುವಿನಿಂದ ಮೇಲಿನಿಂದ ಒತ್ತಿ ಕತ್ತರಿಸಿ, ಅರ್ಧ ಅನ್ನದ ಮೇಲೂ ಅರ್ಧ ಕರಿಯ ಅಂಚಿನಲ್ಲೂ ಬರುವಂತೆ ಇಡಬೇಕು. ಕಟ್ಲೆಟ್ಟಿನ ಮೇಲೆ ಕರಿ ಸುರಿಯುವುದನ್ನು ನಾನು ಒಪ್ಪುವುದಿಲ್ಲ, ಅಷ್ಟು ಶ್ರಮಪಟ್ಟು ತಂದ ಗರಿಗರಿ ಎರಡೇ ನಿಮಿಷದಲ್ಲಿ ನೆನೆದುಹೋಗುತ್ತದೆ. ಜೊತೆಗೆ ತೆಳ್ಳಗೆ ಹೆಚ್ಚಿ ತಣ್ಣೀರಿನಲ್ಲಿ ನೆನೆಸಿ ಬಸಿದ ಎಲೆಕೋಸು ಇರಲಿ. ಜಪಾನಿನಲ್ಲಿ ಏಳು ಅದೃಷ್ಟ ದೇವತೆಗಳ ಹೆಸರು ಹೊತ್ತ ‘ಫುಕುಜಿನ್‌ಜುಕೆ’ ಎಂಬ ಸಿಹಿ ಉಪ್ಪಿನಕಾಯಿ ನೆಂಚಿಕೊಳ್ಳುತ್ತಾರೆ. ಮೂಲಂಗಿಯನ್ನು ಸಣ್ಣಗೆ ಹೆಚ್ಚಿ ಉಪ್ಪಿನಲ್ಲಿ ಹಿಂಡಿ, ಸೋಯಾ ಸಾಸ್, ಸಕ್ಕರೆ, ವಿನಿಗರ್ ಕುದಿಸಿ ಆರಿಸಿದ ಪಾಕದಲ್ಲಿ ರಾತ್ರಿಯಿಡೀ ಇಟ್ಟರೆ ಅದರ ಕೆಲಸ ನಡೆಯುತ್ತದೆ.

ಕರಿ ಎರಡನೆಯ ದಿನ ಇನ್ನೂ ರುಚಿಯಾಗುತ್ತದೆ ಎಂದು ಜಪಾನೀಯರು ಹೇಳುವುದು ನಿಜ. ಆದರೆ ಸಾರನ್ನು ಒಲೆಯ ಮೇಲೆಯೇ ಬಿಟ್ಟು ಬೆಳಿಗ್ಗೆ ಕುದಿಸುವ ನಮ್ಮ ಪದ್ಧತಿಯನ್ನು ಇದಕ್ಕೆ ಅನ್ವಯಿಸಬಾರದು. ಗಟ್ಟಿಯಾದ ಕರಿ ಬಹಳ ನಿಧಾನವಾಗಿ ಆರುತ್ತದೆ, ಆ ಬೆಚ್ಚಗಿನ ಹೊತ್ತಿನಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಅಗಲವಾದ ಪಾತ್ರೆಗೆ ಬಗ್ಗಿಸಿ, ಬೇಗ ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮರುದಿನ ಅರ್ಧ ಲೋಟ ನೀರು ಬೆರೆಸಿ ತಳದಿಂದ ತಿರುವುತ್ತ ಚೆನ್ನಾಗಿ ಕುದಿಸಬೇಕು. ತರಿ ಹಚ್ಚಿದ ಹಸಿ ಕಟ್ಲೆಟ್ಟುಗಳನ್ನು ಫ್ರೀಜರಿನಲ್ಲಿಟ್ಟರೆ ಕರಗಿಸದೆಯೇ, ಉರಿ ತುಸು ತಗ್ಗಿಸಿ, ಎಣ್ಣೆಗೆ ಬಿಡಬಹುದು.